ಎರಡು ಬೆರಳು

ಸೋಮವಾರ, ನಾಪೋಕ್ಲು ಸಂತೆ.
ನನ್ನ ಮಿಷನ್ನಿನ ಮುಂದೆ ಬೆಂಚು ತುಂಬಿದೆ.

ಎಮ್ಮೆಮಾಡಿನ ಸೊಸೆಗೆ ಕಣ್ಣಷ್ಟೇ ಬಿಡಬೇಕು.
ಎರಡು ಬೆರಳು ಅಗಲ, ಜಾಸ್ತಿ ಬೇಡ
ಎಂದದ್ದು ಅವಳೇ. ಗಂಡ ಹೊರಗೆ
ಬೈಕಿನ ಮೇಲೆ ಕೂತು ಕೇಳುತ್ತಿದ್ದ:
ಸೆಖೆ ಆಗಲ್ವಾ ನಿಂಗೆ?

ಕಾಲೇಜಿನ ಹುಡುಗಿಗೆ ಗುಂಡಿ ಬೇಡ, ಟಿಚ್ ಬಟನ್ ಬೇಕು.
ಗೇಟಿನ ಹತ್ತಿರ ಒಂದೇ ಎಳೆತಕ್ಕೆ ಬಿಚ್ಚಬೇಕು,
ಸಂಜೆ ಬಸ್ಸು ಹತ್ತುವ ಮುಂಚೆ ಹಾಕಿಯಾಗಬೇಕು.
ಯಾರಿಗೆ ಹೆದರಿ ಬಿಚ್ಚುತ್ತೀ,
ಯಾರಿಗೆ ಹೆದರಿ ಹಾಕುತ್ತೀ,
ನಾನು ಕೇಳಲಿಲ್ಲ.
ಡಜನ್ನಿಗೆ ಮೂವತ್ತು ರೂಪಾಯಿ ಅಂದೆ.

ಫರ್ಹತ್ ಬಾಜಿಗೆ ಒಳಜೇಬಿನದೇ ಚಿಂತೆ:
ಆಳ ಇರಲಿ, ಮನೆಯವರಿಗೆ ತಿಳಿಯದ
ಚೀಟಿ ದುಡ್ಡು ಹಿಡಿಯುವಷ್ಟು.

ಕುಂಞಾಯಿಶು ಉಮ್ಮ ಬಂದದ್ದು
ರವಿಕೆಯ ಕಂಕುಳು ಹರಿದಿತ್ತು ಅಂತ.
ತಲೆಗೆ ತೋಟದ ಟವಲು, ಅದರ ತುಂಬ ಕಾಫಿ ಕರೆ.
ಎಲ್ಲ ಕೇಳಿಸಿಕೊಂಡು, ಎಲೆಯಡಿಕೆ ಒತ್ತರಿಸಿ, ನಕ್ಕರು:
ನಲವತ್ತು ವರ್ಷ ಹಣ್ಣು ಕುಯ್ದೆ ಮೋಳೇ,
ಬಟ್ಟೆ ಕಟ್ಟಿದ್ದು ಚಗಳಿ ಇರುವೆ
ತಲೆಗೆ ಉದುರದಿರಲಿ ಅಂತ.
ಮೇಲಿರುವವನು ಅದನ್ನೂ ಲೆಕ್ಕಕ್ಕೆ ಹಿಡಿದಿದ್ದರೆ
ನನಗೆ ಲಾಭವೇ.

ಎಮ್ಮೆಮಾಡಿನವಳು ನಕ್ಕಳು ಅನಿಸುತ್ತದೆ,
ಕಣ್ಣ ಬದಿ ಸುಕ್ಕಾಯಿತು.
ಅದಕ್ಕೆ ಎರಡು ಬೆರಳು ಸಾಕಾಯಿತು.

ಶಟರ್ ಎಳೆಯುವಾಗ ನೋಡಿಕೊಂಡೆ:
ಚಕ್ರಕ್ಕೆ ಸಿಕ್ಕೀತೆಂದು ಬೆಳಿಗ್ಗೆಯೇ ತೆಗೆದ ಶಾಲು
ಮೊಳೆಯಲ್ಲೇ ತೂಗುತ್ತಿದೆ.
ದಿನವಿಡೀ ಬರಿದಲೆ.
ಯಾರೂ ಏನೂ ಅನ್ನಲಿಲ್ಲ.
ಅನ್ನುವುದಾದರೂ ಹೇಗೆ?
ಅರ್ಧ ಬೆಂಚು ನನಗೆ
ಹೊಲಿಗೆ ಕೂಲಿ ಬಾಕಿ ಇಟ್ಟವರು.