ರಬ್ಬರು

ಹಾಸನದ ಸಂತೇಪೇಟೆಯ ಮುದಸ್ಸಿರ್ ಭಾಯ್
ಗಾಜಿನ ಮೇಲೆ ಹಸಿರು ಪಟ್ಟಿಗಳ ಹರವಿ
'ಹದಿನಾರರದು ಒಂದು ಬೇಡಕ್ಕಾ,
ಎಂಟರವು ಎರಡು ಹಾಕಿ.
ಒಂಟೆತ್ತಿನಲ್ಲಿ ಗಾಡಿ ಓಡುತ್ತೆ,
ಹೊಲ ಉಳೋಕಾಗುತ್ತಾ?' ಅಂದರು.

ಚೀಟಿ ಎತ್ತಿದ ದುಡ್ಡು
ಪ್ರೊಸೆಸರಿಗೇ ಮುಗಿದಿತ್ತು.
ಹಾಗಾಗಿ ಒಂದು ಹೊಸದು, ಒಂದು
ಯಾರೋ ಬಳಸಿ ಬಿಟ್ಟದ್ದು.
'ವೇಗ ಬೇರೆ ಬೇರೆಯಲ್ಲ?'
'ಜೊತೆ ಕಟ್ಟಿದ ಮೇಲೆ
ಓಡೋದೂ ನಿಧಾನದ್ದರ ಲೆಕ್ಕಕ್ಕೇ ನಡೆಯುತ್ತೆ.
ನಮ್ಮನೇಲೂ ಹಾಗೇ.'
ನಿಧಾನ ಯಾರೆಂದು ಹೇಳಲಿಲ್ಲ.

ಪೆನ್ಷನ್ ಮೊಹಲ್ಲಾ. ಇಸ್ತ್ರಿ ಮೇಜು.
ಹೆಬ್ಬೆರಳಿಂದ ಒತ್ತಿದೆ: ಟಕ್.
ಇನ್ನೊಂದು, ಉಸಿರು ಹಿಡಿದು: ಟಕ್.
ಫ್ಯಾನು ತಿರುಗಿತು, ಪರದೆ ಕಪ್ಪು,
ಹಿಂದಕ್ಕೆ ಬರುವ ಲಾರಿಯಂತೆ
ಬೀಪ್, ಬೀಪ್, ಬೀಪ್.

'ಹಳೇದರ ಹಲ್ಲು ಕೊಳೆಯಾಗಿರುತ್ತೆ,'
ಫೋನಿನಲ್ಲಿ ಭಾಯ್,
'ಪೆನ್ಸಿಲ್ ಅಳಿಸೋ ರಬ್ಬರ್ ಇದೆಯಾ?'

ಇಂಚರಳ ಜಾಮಿಟ್ರಿ ಡಬ್ಬಿಯಲ್ಲಿತ್ತು,
ಅರ್ಧ ಕಚ್ಚಿದ್ದು,
ನಿನ್ನೆಯ ತಪ್ಪು ಲೆಕ್ಕಗಳಿಂದ ಕಪ್ಪಾದದ್ದು.
ಬಿಳಿ ಉಳಿದ ಮೂಲೆಯಿಂದ
ಚಿನ್ನದ ಹಲ್ಲುಗಳನ್ನು ಉಜ್ಜಿದೆ. ಊದಿದೆ.
ಅಳಿಸಿದ ಮೇಲೆ ಅದಕ್ಕೆ ನೆನಪು ಬಂತು:
ಹದಿನಾರು ಸಾವಿರದ ಮುನ್ನೂರ ಎಂಬತ್ನಾಲ್ಕು.

'ಎಂಟೂ ಎಂಟೂ ಹದಿನಾರೇ ತಾನೆ,
ಈ ಮುನ್ನೂರ ಎಂಬತ್ನಾಲ್ಕು ಎಲ್ಲಿಂದ ಬಂತು?'
ಅಂದಳು ಇಂಚರ,
ರಬ್ಬರಿಗೆ ಕೈ ಚಾಚಿ.