ತಂದೆ

ಮಳವಳ್ಳಿ, ಕೆ.ಎಂ. ದೊಡ್ಡಿ, ಮಂಡ್ಯ. ದಿನಕ್ಕೆ ಆರು ಸಿಂಗಲ್.
ಟಿಕೆಟ್ ಹರಿಯುವುದು ಮಿಷನ್ನಲ್ಲಿ,
ನೋಟು ಎಣಿಸುವಾಗ ಮಾತ್ರ ಹಳೇ ಚಾಳಿ:
ನಾಲಿಗೆಗೆ ಬೆರಳು, ಬೆರಳಿಗೆ ನೋಟು.
ಕಾರ್ತೀಕದ ಚಳಿ. ಕಿಟಕಿಯೆಲ್ಲ ಮುಚ್ಚಿ
ಎಂಬತ್ತು ಜನ ಒಂದೇ ಉಸಿರು ಹಂಚಿಕೊಂಡು ಕೆಮ್ಮುವ ಕಾಲ.

ಮನೆಗೆ ಬಂದವನೇ, ಕಾಕಿ ಅಂಗಿಯಲ್ಲೇ,
ನಾಲ್ಕು ತಿಂಗಳ ಹೂವಿಯನ್ನು ಎತ್ತಿಕೊಂಡೆ.
ಆ ಬೆರಳನ್ನೇ ಹಿಡಿದು ಬಾಯಿಗಿಟ್ಟುಕೊಂಡಳು.
ನಕ್ಕೆ. ನಗುವಿನ ಜೊತೆಗೊಂದು ಸೀನು.

ಮೂರನೇ ದಿನ ಮೂಗು ಸೋರಿತು.
"ಎಳೇಕೂಸ್ಗೆ ಶೀತ ಆಗ್ದೆ ಇದ್ದಾತಾ" ಎಂದಳು ಅತ್ತೆ ಕೆಂಪಾಜಮ್ಮ.
ಬಜೆ ತೇದಳು, ನೆತ್ತಿಗೆ ಎಣ್ಣೆ ತಟ್ಟಿದಳು,
ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.
ಯಾರಿಗೂ ಘಾಟು ಬರಲಿಲ್ಲ.
"ಕಂಡ್ಯಾ, ದೃಷ್ಟಿಯೇ."

ನಾಲ್ಕನೇ ರಾತ್ರಿ ಮೈ ಕಾದ ಕಾವಲಿ.
ಮೊಲೆಗೆ ಹಚ್ಚಿದರೆ ಎರಡು ಗುಟುಕು, ಏದುಸಿರು,
ಮತ್ತೆ ಬಾಯಿ ಹಾಕಲಿಲ್ಲ.
ಮಧ್ಯಾಹ್ನ ಕಟ್ಟಿದ ಲಂಗೋಟಿ ನಡುರಾತ್ರಿಗೂ ಒಣ.
ಅಳಲೂ ಇಲ್ಲ. ಅತ್ತೆಯ ಕಣ್ಣಿಗೆ ಅದು ನಿದ್ದೆ.
ರೂಪಶ್ರೀಗೆ ಮಾತ್ರ ನೆನಪಾಯಿತು,
ಆಶಾ ಹೊಂಬಾಳಮ್ಮ ಬಾಣಂತಿ ಕೋಣೆಯ ಬಾಗಿಲಲ್ಲಿ ಹೇಳಿದ್ದು:
"ಅಂಗಿ ಎತ್ತಿ ಎದೆ ನೋಡವ್ವ. ಉಸ್ರು ಎಣ್ಸು, ಪೂರಾ ಒಂದ್ ನಿಮ್ಸ.
ಐವತ್ತು ದಾಟುದ್ರೆ ಬೆಳಕರೀಲಿ ಅಂತ ಕಾಯ್ಬೇಡ."

ಎಣಿಸುವುದು ನನ್ನ ಕಸುಬು.
ತಲೆ ಎಣಿಸಿದ್ದೇನೆ, ಚಿಲ್ಲರೆ ಎಣಿಸಿದ್ದೇನೆ.
ಅವತ್ತು ಮೊಬೈಲಿನ ಸೆಕೆಂಡು ನೋಡುತ್ತಾ
ಅಂಗೈಯಗಲದ ಎದೆಯನ್ನು ಎಣಿಸಿದೆ.
ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಗುಳಿ,
ಅರಳಿ ಮುಚ್ಚುವ ಹೊಳ್ಳೆ,
ತುಟಿಯಂಚು ನೇರಳೆಹಣ್ಣು ತಿಂದಂತೆ.
ಅರವತ್ತೆಂಟು.
ಲೆಕ್ಕ ತಪ್ಪಿರಲಿ ದೇವರೇ ಎಂದು ಮತ್ತೆ ಶುರುಮಾಡಿದೆ;
ರೂಪಶ್ರೀ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಮಿಮ್ಸ್. ಹೆಸರುಕಾಳಿನಷ್ಟು ಹೊಳ್ಳೆಗೆ ಆಕ್ಸಿಜನ್ ನಳಿಗೆ.
"ಫ್ಲೂ" ಎಂದರು ಡಾಕ್ಟರಮ್ಮ.
"ಮನೆಗೆ ಯಾರು ತಂದಿದ್ದು?"
"ನಾನೇ ತಂದೆ."
ನರ್ಸು ಬರೆದುಕೊಂಡರು: ತಂದೆ, ಮರಿಸ್ವಾಮಿ.
ತಿದ್ದುವಂಥದ್ದೇನೂ ಇರಲಿಲ್ಲ.

"ಆರು ತಿಂಗಳು ತುಂಬುವವರೆಗೆ ಇವಳಿಗೆ ಇದರ ಸೂಜಿ ಇಲ್ಲ.
ಬಸುರಿಯಲ್ಲಿ ಅಮ್ಮ ಹಾಕಿಸಿಕೊಂಡಿದ್ದರೆ
ಇವಳಿಗೂ ಒಂದು ಪಾಲು ಸಿಗುತ್ತಿತ್ತು.
ಸುತ್ತ ಇರೋರೆಲ್ಲ ಹಾಕಿಸ್ಕೊಳ್ಳಿ.
ಸದ್ಯಕ್ಕೆ ನೀವೇ ಇವಳ ಸೂಜಿ."

ಐದು ದಿನ. ಆರನೇ ಬೆಳಿಗ್ಗೆ ಲಂಗೋಟಿ ಒದ್ದೆಯಾಯಿತು.
ಆ ಬಟ್ಟೆ ಹಿಡಿದು ವಾರ್ಡೆಲ್ಲ ತೋರಿಸಿಕೊಂಡು ಬಂದಳು ಕೆಂಪಾಜಮ್ಮ,
ಲಾಟರಿ ಹೊಡೆದವಳ ಹಾಗೆ.

ಈಗ ಮೊದಲು ಬಚ್ಚಲು, ಆಮೇಲೆ ತೊಟ್ಟಿಲು.
ಸೀನು ಬಂದ ದಿನ ಮಾಸ್ಕು ಹಾಕಿ
ಹೊಸ್ತಿಲಾಚೆಯಿಂದಲೇ ಜೋಗುಳ.
ಮೂವರ ತೋಳಿಗೂ ಸೂಜಿ ಬಿತ್ತು; ಅತ್ತೆ ಎರಡು ದಿನ ಗೊಣಗಿದಳು.
ಹೂವಿಗೆ ಆರು ತುಂಬಿದ ವಾರ ಒಂದು, ತಿಂಗಳು ಬಿಟ್ಟು ಇನ್ನೊಂದು.
ನೋಟಿಗೆ ಒದ್ದೆ ಸ್ಪಂಜು ಇಟ್ಟುಕೊಂಡಿದ್ದೇನೆ.
ಡ್ರೈವರ್ ನಗುತ್ತಾನೆ, ನಗಲಿ.

ಮೊನ್ನೆ ಲೇಡೀಸ್ ಸೀಟಿನಲ್ಲಿ, ಶಾಲಿನೊಳಗೊಂದು ಕೂಸು.
ಸೊನ್ನೆ ಟಿಕೆಟ್ ಕೊಡುವಾಗ ಕಿವಿಗೆ ಬಿತ್ತು
ಪ್ರತಿ ಉಸಿರಿನ ತುದಿಗೊಂದು ಮುಲುಕು.
"ಹಾಲು ಕುಡೀತಾ ಅಕ್ಕ?"
"ನಿಂಗ್ಯಾಕಪ್ಪ ಅದು?"
"ಅಂಗಿ ಒಸಿ ಎತ್ತಿ ನೋಡಿ."
ನೋಡಿದಳು. ಆ ಗುಳಿ ನನಗೂ ಕಂಡಿತು.
ಎಣಿಸಲಿಲ್ಲ.
ಆಸ್ಪತ್ರೆ ಗೇಟು ನಮ್ಮ ಸ್ಟಾಪಲ್ಲ.

"ಹೋಲ್ಡಾನ್!"