ಹತ್ತು ಸಾಂಟಿಮ್ ಬಾಕಿ

ಓಟೀಲಿಯಾ ಸತ್ತ ಮೇಲೆ ಅವಳ ಹಿಟ್ಟಿನ ಪೆಟ್ಟಿಗೆಯ ತಳದಲ್ಲಿ
ಸಿಕ್ಕಿತು ಈ ಲೆಕ್ಕದ ಪುಸ್ತಕ.
ರಟ್ಟಿನ ಮೇಲೆ ನೀಲಿ ಶಾಯಿ: ‘ಸ್ಪಾರ್ನ್ಸ್ ಕಾಲ್ಚೆಂಡು ಸಂಘ’.
ಸ್ಪಾರ್ನ್ಸ್ ಎಂದರೆ ರೆಕ್ಕೆ.
ಹಾರಿದ್ದು ಕಡಿಮೆ.

ಮೊದಲ ಪುಟ ಇನ್ನೂ ರೂಬಲ್ಲಿನಲ್ಲಿದೆ:
ಗುದ್ದಲಿ ಬಾಡಿಗೆ, ಅರವತ್ತು.
ಕಂದಕ ಮುಚ್ಚಲು ಮಣ್ಣು, ಎಂಟು ಗಾಡಿ.
ಆ ಹುಲ್ಲುಗಾವಲಲ್ಲಿ ಯುದ್ಧ ಕೂತೆದ್ದು ಹೋಗಿತ್ತು;
ಕೈಸರನ ಸೈನಿಕರು ತೋಡಿದ್ದನ್ನು
ಗರಗಸದ ಕಾರ್ಖಾನೆಯ ಹುಡುಗರು ಮೂರು ಭಾನುವಾರ ತುಂಬಿದರು.
ಸಿಕ್ಕಿದ್ದು ಮುಳ್ಳುತಂತಿ, ಒಂದು ಬೂಟು.
ಬೂಟಿನೊಳಗೆ ಏನಿತ್ತೆಂದು ಪುಸ್ತಕ ಹೇಳುವುದಿಲ್ಲ.

ಎರಡನೆಯ ಪುಟಕ್ಕೆ ದೇಶದ ಹಣವೇ ಬದಲು:
ಐವತ್ತು ರೂಬಲ್ಲಿಗೆ ಒಂದು ಲಾಟ್.
ಐಜೆನ್ಸ್ ಭಾಗಿಸಿ, ಶೇಷವನ್ನೂ ಬರೆದಿಟ್ಟಿದ್ದಾನೆ.
ಔಷಧದಂಗಡಿಯ ಗುಮಾಸ್ತ, ಗುಳಿಗೆ ಎಣಿಸುವ ಕೈ.
ಚೆಂಡನ್ನು ಒಮ್ಮೆಯೂ ಒದ್ದವನಲ್ಲ.

ಮೈದಾನ ಹೊಳೆಯ ಕಡೆಗೆ ಇಳಿಜಾರು.
ಲಿಯೆಲುಪೆ, ಹೆಸರಲ್ಲೇ ದೊಡ್ಡ ಹೊಳೆ,
ನಿಂತ ಹಾಗೇ ಹರಿಯುವುದು.
ಗೋಲು ತಪ್ಪಿದ ಚೆಂಡೆಲ್ಲ ನೀರಿಗೆ.
ಅದಕ್ಕೇ ಮೂವತ್ತಾರರಿಂದ ಖರ್ಚಿನಲ್ಲಿ ಹೊಸದೊಂದು ಬಾಬ್ತು:
‘ಹೊಳೆಯಿಂದ ಚೆಂಡು, ದೋಣಿಯವನ ಮಗನಿಗೆ, ಐದು ಸಾಂಟಿಮ್.’

ಆ ಮಗ ನಾನು.
ಒಪ್ಪಿಕೊಳ್ಳಬೇಕು,
ನಮ್ಮವರು ಗೆಲ್ಲಲಿ ಎಂದು ನಾನು ಬೇಡಿಕೊಂಡವನಲ್ಲ,
ಗುರಿ ತಪ್ಪಲಿ ಎಂದಷ್ಟೇ.
ತಪ್ಪುವುದರಲ್ಲಿ ತೆರೆಂತಿಗೆ ಸಮನಿಲ್ಲ:
ಗಡ್ಡದ ತೆರೆಂತಿ, ಹಳೆ ನಂಬಿಕೆಯ ರಷ್ಯನ್,
ಒದೆಯುವ ಮುಂಚೆ ಎರಡು ಬೆರಳಲ್ಲಿ ಶಿಲುಬೆಯ ಗುರುತು,
ಒದ್ದ ಮೇಲೆ ನನಗೆ ಐದು ಸಾಂಟಿಮ್.
ಗೋಲಿನಲ್ಲಿ ಕೊನ್ರಾಡ್, ಗಿರಣಿಯ ಜರ್ಮನರ ಹುಡುಗ,
ಊರಲ್ಲಿ ತೊಗಲಿನ ಕೈಗವಸು ಇದ್ದದ್ದು ಅವನೊಬ್ಬನಿಗೆ; ಅದೂ ಸಂಘದ್ದು.
ಎಡಬದಿಗೆ ರುವಿನ್, ದರ್ಜಿ.
ಓಡುವಾಗಲೂ ಕಾಲರಿನಲ್ಲಿ ಸೂಜಿ,
ವಿರಾಮದಲ್ಲಿ ಎಲ್ಲರ ಹರಿದ ಚಡ್ಡಿ ಅವನ ತೊಡೆಯ ಮೇಲೆ.
ಬೈದಾಟ ನಾಲ್ಕು ಭಾಷೆಯಲ್ಲಿ;
‘ಕೊಡೋ ಇತ್ಲಾಗೆ’ ಮಾತ್ರ ಎಲ್ಲರೂ ಲಾಟ್ವಿಯನ್ನಿನಲ್ಲೇ.

ರೀಗಾದ ತಂಡವೊಂದು ಬಂದದ್ದು ಮೂವತ್ತೇಳರ ಜೂನಿನಲ್ಲಿ.
ಅಂದಿನ ಪುಟ: ನಿಂಬೆಹಣ್ಣು ಹನ್ನೆರಡು,
ವಾದ್ಯದವರಿಗೆ ಬಿಯರು,
ಹೊಳೆಯಿಂದ ಚೆಂಡು ಏಳು ಸಲ.
ಮೂರು ಮೂರು ಸಮ.
ಏಳನೆಯ ಸಲ ನಾನು ಬೇಕೆಂದೇ ನಿಧಾನ ಈಜಿದೆ,
ಕೊನೆಯ ಶಿಳ್ಳೆ ಊದುವ ತನಕ
ಚೆಂಡನ್ನು ತಬ್ಬಿಕೊಂಡು ಜೊಂಡಿನಲ್ಲಿ ನಿಂತಿದ್ದೆ.
ಸಂಘದ ಚರಿತ್ರೆಯಲ್ಲಿ ನನ್ನ ಪಾಲು ಅಷ್ಟು.

ಆಮೇಲೆ ಬರಹ ತೆಳ್ಳಗಾಗುತ್ತದೆ.
ಮೂವತ್ತೊಂಬತ್ತರ ನವೆಂಬರ್:
‘ಕೈಗವಸು ಒಂದು ಜೊತೆ, ಕೊನ್ರಾಡನಿಂದ ವಾಪಸು.’
ಜರ್ಮನರೆಲ್ಲ ಮನೆಗೆ ಬನ್ನಿ ಎಂದು ಕರೆ ಬಂದಿತ್ತು;
ಏಳು ನೂರು ವರ್ಷದ ಮನೆಗೆ ಬೀಗ ಹಾಕಿ
ಮನೆಗೆಂದು ಹಡಗು ಹತ್ತಿದರು.
ನಲವತ್ತರ ಬೇಸಿಗೆ: ‘ಸಂಘ ವಿಸರ್ಜನೆ, ಆದೇಶ ಸಂಖ್ಯೆ’
ಸಂಖ್ಯೆಯ ಜಾಗ ಖಾಲಿ.

ಅಂಗಿ ಒಗೆಯುತ್ತಿದ್ದ ಓಟೀಲಿಯಾಳ ಕೈಗೆ ಪುಸ್ತಕ ಕೊಟ್ಟು
ಭಾನುವಾರ ಬಂದು ಒಯ್ಯುತ್ತೇನೆ ಅಂದನಂತೆ ಐಜೆನ್ಸ್.
ಮರುವರ್ಷ ಜೂನಿನ ಒಂದು ರಾತ್ರಿ
ದನದ ಡಬ್ಬಿಯಲ್ಲಿ ಅವನನ್ನು ಪೂರ್ವಕ್ಕೆ ಒಯ್ದರು.
ಎರಡು ವಾರಕ್ಕೆ ಜರ್ಮನ್ ಸೇನೆ ಬಂತು.
ರುವಿನ್‌ನನ್ನು ಕಾಡಿಗೆ ನಡೆಸಿಕೊಂಡು ಹೋದವರಲ್ಲಿ
ನಮ್ಮ ಬಲಬದಿಯ ಆಟಗಾರನೂ ಇದ್ದ.
ಅವನ ಹೆಸರು ಈ ಪುಸ್ತಕದಲ್ಲಿ ಹದಿನಾಲ್ಕು ಕಡೆ ಇದೆ.
ಇಲ್ಲಿ ಬರೆಯಲಾರೆ.

ಈ ವರ್ಷ ಲಾಟ್ ಮರಳಿ ಬಂದಿದೆ.
ನಾಣ್ಯದ ಮೇಲೆ ಮೀನು, ಹೆಸರು ಅದೇ.
ಮೈದಾನದಲ್ಲೀಗ ಗ್ಯಾರೇಜುಗಳ ಸಾಲು, ತಗಡಿನ ಬಾಗಿಲು;
ಇಳಿಜಾರು ಮಾತ್ರ ಹಾಗೇ ಇದೆ.
ಕನ್ನಡಕ ಒರೆಸಿಕೊಂಡು ಕೂಡಿದೆ, ಕಳೆದೆ, ಮತ್ತೆ ಕೂಡಿದೆ.
ಐಜೆನ್ಸನ ಲೆಕ್ಕ ಒಂದು ಸಾಂಟಿಮ್ ಆಚೆಈಚೆ ಇಲ್ಲ.
ಕೈಯಲ್ಲುಳಿದದ್ದು ಹನ್ನೊಂದು ಲಾಟ್ ನಲವತ್ತು.
ಕೆಳಗೆ ಪೆನ್ಸಿಲಿನಲ್ಲಿ:
‘ದೋಣಿಯವನ ಮಗನಿಗೆ ಕೊಡತಕ್ಕದ್ದು, ಎರಡು ಸಲ, ಹತ್ತು.’

ಒಂದು ಸಲ ನೆನಪಿದೆ.
ಇನ್ನೊಂದು ಚೆಂಡನ್ನು ನಾನು ತರಲಿಲ್ಲ.
ಅಕ್ಟೋಬರಿನ ನೀರು, ಮೊಣಕಾಲ ತನಕ ಇಳಿದು ಹಿಂದೆ ಬಂದೆ,
ಚೆಂಡು ತಿರುಗುತ್ತ ತಿರುಗುತ್ತ ಸೇತುವೆಯಡಿ ಹೋಯಿತು.
ದಡದಲ್ಲಿ ಐಜೆನ್ಸ್ ನಿಂತಿದ್ದ, ಎಲ್ಲ ನೋಡಿದ.
ಎರಡು ಎಂದೇ ಬರೆದಿದ್ದಾನೆ.